ಆಧುನಿಕ ವಿಶ್ವವಿದ್ಯಾಲಯ: ಒಂದು ವಿಮರ್ಶೆ



ಕಳೆದ ಶ್ರಾವಣಮಾಸದ ಸಭೆಯಲ್ಲಿ ಸದ್ಭಕ್ತರೊಬ್ಬರು ಎದ್ದು ನಿಂತು, "ಅಪ್ಪಾವರೇ, ಶ್ರೀಮಠವೂ ಒಂದು ವಿಶ್ವವಿದ್ಯಾಲಯವನ್ನು ಸ್ಥಾಪಿಸಬೇಕು. ಹೆದ್ದಾರಿಯ ಪಕ್ಕದ ಇಪ್ಪತ್ತೈದು ಎಕರೆ ಜಮೀನನ್ನು ನಾನು ಶ್ರೀಪಾದಕ್ಕೆ ಒಪ್ಪಿಸುತ್ತೇನೆ" ಎಂದು ಬಿನ್ನವಿಸಿಕೊಂಡರು. ಸಭೆ ಬಹಳ ಹೊತ್ತು ಚಪ್ಪಾಳೆ ತಟ್ಟಿತು. ಎಷ್ಟು ಸೀಟುಗಳು ದೊರೆಯುವುವೆಂದು ಒಬ್ಬರು ಕೇಳಿದರು. ಯಾವ ಯಾವ ಕೋರ್ಸುಗಳೆಂದು ಇನ್ನೊಬ್ಬರು ಕೇಳಿದರು. ಮಹಾದ್ವಾರಕ್ಕೆ ಯಾರ ಹೆಸರನ್ನಿಡಬೇಕೆಂಬ ಚರ್ಚೆಯೂ ಅಲ್ಲಿಯೇ ಆರಂಭವಾಯಿತು. ಅಲ್ಲಿ ಪಾಠ ಹೇಳುವವರು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲವೆಂಬುದನ್ನು ಮೊದಲಿಗೇ ಒಪ್ಪಿಕೊಳ್ಳುತ್ತೇವೆ. "ವಿಚಾರಿಸಿ ಹೇಳುತ್ತೇವೆ" ಎಂದಷ್ಟೇ ಹೇಳಿ ಸಭೆಯನ್ನು ಮುಗಿಸಿದೆವು. ಆ ವಿಚಾರವನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇವೆ.

ಯಾವುದೊಂದನ್ನು ಕಟ್ಟುವ ಮೊದಲು ಅದು ಏನೆಂಬುದನ್ನು ಅರಿಯಬೇಕಷ್ಟೆ. ವಿಶ್ವವಿದ್ಯಾಲಯವೆಂಬ ಸಂಸ್ಥೆ ಎಲ್ಲಿ ಹುಟ್ಟಿತು, ಯಾವ ಹಾದಿಯಲ್ಲಿ ನಮ್ಮಲ್ಲಿಗೆ ಬಂದಿತು, ಬರುವಾಗ ಏನನ್ನು ಕಳೆದುಕೊಂಡಿತು ಎಂಬುದು ತಿಳಿಯದೆ ಇಂದಿನ ಅದರ ಸಂಕಟಗಳು ಅರ್ಥವಾಗಲಾರವು. ಸಂಕಟಗಳ ಪಟ್ಟಿಯನ್ನು ದಿನಪತ್ರಿಕೆಗಳು ದಿನವೂ ಕೊಡುತ್ತವೆ. ಅವುಗಳ ಬೇರನ್ನು ಹುಡುಕುವುದು ಈ ಲೇಖನದ ಉದ್ದೇಶ.

ಹೆಸರು ಮತ್ತು ವಸ್ತು

ಮೊದಲು ಹೆಸರನ್ನೇ ನೋಡೋಣ. ಯೂನಿವರ್ಸಿಟಿ ಎಂಬುದರ ಮೂಲ ಲ್ಯಾಟಿನ್ ಭಾಷೆಯ 'ಯೂನಿವರ್ಸಿಟಾಸ್'. ಮಧ್ಯಯುಗದ ಯುರೋಪಿನಲ್ಲಿ ಈ ಶಬ್ದಕ್ಕೂ ವಿಶ್ವದ ಸಕಲ ವಿದ್ಯೆಗಳಿಗೂ ಸಂಬಂಧವಿರಲಿಲ್ಲ. ಒಂದು ಕಸುಬಿನವರೆಲ್ಲ ತಮ್ಮ ಹಿತರಕ್ಷಣೆಗಾಗಿ ಕಟ್ಟಿಕೊಂಡ ಕೂಟಕ್ಕೆ ಆ ಹೆಸರು ಸಲ್ಲುತ್ತಿತ್ತು. ಇಟಲಿಯ ಬೊಲೊನ್ಯದಲ್ಲಿ, ಸಂಪ್ರದಾಯದ ಲೆಕ್ಕದಂತೆ 1088ರಲ್ಲಿ, ಕಾನೂನು ಕಲಿಯಲು ಬಂದ ಪರವೂರ ವಿದ್ಯಾರ್ಥಿಗಳಿಂದ ಬೆಳೆದು ಬಂದ ಸಂಸ್ಥೆಯನ್ನು ಯುರೋಪಿನ ಮೊದಲ ವಿಶ್ವವಿದ್ಯಾಲಯವೆಂದು ಎಣಿಸುತ್ತಾರೆ. ಅಲ್ಲಿ ವಿದ್ಯಾರ್ಥಿಗಳ ಕೂಟವೇ ಅಧ್ಯಾಪಕರನ್ನು ನೇಮಿಸಿಕೊಳ್ಳುತ್ತಿತ್ತು. ತಡವಾಗಿ ಬಂದ ಅಧ್ಯಾಪಕನಿಗೆ ದಂಡ ಹಾಕುವ ಅಧಿಕಾರವೂ ಅದಕ್ಕಿತ್ತು. ಪ್ಯಾರಿಸಿನಲ್ಲಾದರೋ ಅಧ್ಯಾಪಕರೇ ಕೂಟ ಕಟ್ಟಿಕೊಂಡರು. ಎರಡೂ ಕಡೆ ಸ್ವಂತ ಕಟ್ಟಡವೆಂಬುದಿರಲಿಲ್ಲ. ಪಾಠಗಳು ಬಾಡಿಗೆಯ ಮನೆಗಳಲ್ಲಿ ನಡೆಯುತ್ತಿದ್ದವು. 1209ರಲ್ಲಿ ಆಕ್ಸ್‌ಫರ್ಡಿನ ಪಟ್ಟಣಿಗರೊಡನೆ ಕಲಹವಾದಾಗ ಪಂಡಿತರ ಒಂದು ಗುಂಪು ಊರು ಬಿಟ್ಟು ಕೇಂಬ್ರಿಜ್ಜಿಗೆ ಹೋಯಿತು. ಅಲ್ಲಿ ಇನ್ನೊಂದು ವಿಶ್ವವಿದ್ಯಾಲಯವಾಯಿತು. ಜನ ಎದ್ದು ಹೋದ ಕಡೆಗೆ ವಿಶ್ವವಿದ್ಯಾಲಯವೂ ಎದ್ದು ಹೋಗುತ್ತಿತ್ತೆಂದರೆ ಅದು ಜನರಿಂದಾದ ವಸ್ತುವೇ ಹೊರತು ಕಲ್ಲಿನಿಂದಾದುದಲ್ಲ.

ನಾವು ಕನ್ನಡಕ್ಕೆ ತಂದುಕೊಂಡಾಗ ಧಾರವಾಡದವರು ವಿಶ್ವವಿದ್ಯಾಲಯವೆಂದೆವು, ಮೈಸೂರಿನವರು ವಿಶ್ವವಿದ್ಯಾನಿಲಯವೆಂದರು. ಎರಡರಲ್ಲಿಯೂ ವಿಶ್ವವಿದೆ, ವಿದ್ಯೆಯಿದೆ, ಇರಲು ಮನೆಯೂ ಇದೆ, ಕೂಟವೊಂದೇ ಬಿಟ್ಟುಹೋಯಿತು. ಒಂದು ಅನುವಾದದ ಮೇಲೆ ಇಷ್ಟು ಭಾರ ಹಾಕುವುದು ಸರಿಯಲ್ಲವೆಂದು ನೀವು ಹೇಳಬಹುದು. ಮುಂದಿನ ಇತಿಹಾಸವನ್ನು ನೋಡಿದ ಮೇಲೆ ನೀವೇ ನಿರ್ಣಯಿಸಿರಿ.

ಇಲ್ಲಿಯೇ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. "ನಳಂದಾ ತಕ್ಷಶಿಲೆಗಳಿದ್ದ ನಮಗೆ ಯುರೋಪಿನ ಕಥೆಯೇಕೆ?" ಎಂದು ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ನಳಂದಾ ದೂರವಾಯಿತು, ನಮ್ಮ ನಾಡಿನಲ್ಲಿಯೇ ನೋಡಬಹುದು. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಹತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿಯಾದ ನಾರಾಯಣನೆಂಬವನು ಶಾಲೆಯೊಂದನ್ನು ಕಟ್ಟಿಸಿ ದತ್ತಿ ಬಿಟ್ಟುದನ್ನು ಶಾಸನ ಹೇಳುತ್ತದೆ. ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದ ಹನ್ನೊಂದನೆಯ ಶತಮಾನದ ಶಾಸನವು ಅಧ್ಯಾಪಕರ ಜೊತೆಗೆ 'ಸರಸ್ವತೀ ಭಂಡಾರಿಗ'ರನ್ನು, ಎಂದರೆ ಗ್ರಂಥಪಾಲಕರನ್ನು, ಹೆಸರಿಸುತ್ತದೆ. ಪುಸ್ತಕ ಕಾಯುವವನ ಜೀವನಕ್ಕೂ ವ್ಯವಸ್ಥೆ ಮಾಡಿದ ಆ ದಾನಿಗಳ ವಿವೇಕಕ್ಕೆ ನಾವು ತಲೆಬಾಗುತ್ತೇವೆ. ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ಮರೆಯುವುದು ಸಲ್ಲದು. ಹುಟ್ಟನ್ನು ನೋಡಿ ಒಳಗೆ ಬಿಡುತ್ತಿದ್ದ ಕಾಲವದು. ನಮ್ಮ ಪೂರ್ವಿಕರಲ್ಲಿ ಒಕ್ಕಲಿಗನ ಮಗನಾಗಲಿ ನೇಕಾರನ ಮಗಳಾಗಲಿ ಅಲ್ಲಿ ಕುಳಿತು ಓದಿದ್ದರೆಂದು ಯಾವ ಶಾಸನವೂ ಹೇಳುವುದಿಲ್ಲ. ಅಭಿಮಾನವಿರಲಿ, ಅದು ವಿಮರ್ಶೆಯ ಕಣ್ಣನ್ನು ಮುಚ್ಚದಿರಲಿ.

ಬರ್ಲಿನ್ ಮತ್ತು ಲಂಡನ್

ಆಧುನಿಕವೆಂದು ನಾವು ಕರೆಯುವ ವಿಶ್ವವಿದ್ಯಾಲಯವು ಒಂದು ಸೋಲಿನಿಂದ ಹುಟ್ಟಿತು. 1806ರ ಯೇನಾ ಕದನದಲ್ಲಿ ಪ್ರಷ್ಯಾ ರಾಜ್ಯವು ನೆಪೋಲಿಯನ್ನನ ಸೈನ್ಯಕ್ಕೆ ಸೋತು ಮರುವರ್ಷದ ಒಪ್ಪಂದದಲ್ಲಿ ತನ್ನ ನೆಲದ ಸುಮಾರು ಅರ್ಧವನ್ನು ಕಳೆದುಕೊಂಡಿತು. ಹಾಲೆ ಪಟ್ಟಣದ ಹೆಸರಾಂತ ವಿಶ್ವವಿದ್ಯಾಲಯವೂ ಆ ನೆಲದೊಡನೆ ಕೈಬಿಟ್ಟಿತು. ಬೊಕ್ಕಸ ಬರಿದಾಗಿತ್ತು. ಅಂಥ ಕಾಲದಲ್ಲಿ ಶಿಕ್ಷಣದ ಹೊಣೆ ಹೊತ್ತ ವಿಲ್ಹೆಲ್ಮ್ ಫಾನ್ ಹಂಬೋಲ್ಟ್ ಎಂಬ ಭಾಷಾಪಂಡಿತನು ರಾಜನಿಂದ ಅಪ್ಪಣೆ ಪಡೆದು ಬರ್ಲಿನ್ನಿನಲ್ಲಿ ಹೊಸ ವಿಶ್ವವಿದ್ಯಾಲಯಕ್ಕೆ ಅಡಿಪಾಯ ಹಾಕಿದನು. 1810ರಲ್ಲಿ ಪಾಠಗಳು ಆರಂಭವಾದವು. ಫಿಕ್ಟೆ, ಶ್ಲಾಯರ್ಮಾಖರ್ ಮುಂತಾದ ದಾರ್ಶನಿಕರು ಮೊದಲ ಅಧ್ಯಾಪಕರಾದರು. ಹೆಗೆಲ್ 1818ರಲ್ಲಿ ಬಂದನು.

ಹಂಬೋಲ್ಟನ ವಿಚಾರದ ತಿರುಳನ್ನು ಹೀಗೆ ಹೇಳಬಹುದು. ಶಾಲೆಯು ಸಿದ್ಧವಾಗಿರುವ ಜ್ಞಾನವನ್ನು ಮಕ್ಕಳಿಗೆ ಹಂಚುತ್ತದೆ. ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನೂ ವಿದ್ಯಾರ್ಥಿಯೂ ಇನ್ನೂ ಬಗೆಹರಿಯದ ಪ್ರಶ್ನೆಯೊಂದರ ಮುಂದೆ ಜೊತೆಯಾಗಿ ನಿಂತಿರುತ್ತಾರೆ. ಆದಕಾರಣ ಬೋಧನೆ ಮತ್ತು ಸಂಶೋಧನೆಗಳನ್ನು ಬೇರ್ಪಡಿಸಲಾಗದು. ಯಾವುದನ್ನು ಬೋಧಿಸಬೇಕೆಂಬ ಸ್ವಾತಂತ್ರ್ಯ ಅಧ್ಯಾಪಕನಿಗೂ ಯಾರ ಬಳಿ ಏನನ್ನು ಕಲಿಯಬೇಕೆಂಬ ಸ್ವಾತಂತ್ರ್ಯ ವಿದ್ಯಾರ್ಥಿಗೂ ಇರಬೇಕು. ಸರ್ಕಾರ ಹಣ ಕೊಡಲಿ, ಉತ್ತರವನ್ನು ಹೇಳಿಕೊಡದಿರಲಿ. ಈ ಪದ್ಧತಿಯೇ ಜರ್ಮನಿಯನ್ನು ಒಂದು ಶತಮಾನ ಕಾಲ ವಿಜ್ಞಾನದ ತವರಾಗಿಸಿತು. ಅಮೆರಿಕದಲ್ಲಿ 1876ರಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯವು ಇದನ್ನೇ ಮಾದರಿಯಾಗಿ ಹಿಡಿಯಿತು.

ಲಂಡನ್ನಿನಲ್ಲಿ ನಡೆದುದು ಬೇರೆ. ಆಗ ಆಕ್ಸ್‌ಫರ್ಡಿನಲ್ಲಿ ಸೇರಲು, ಕೇಂಬ್ರಿಜ್ಜಿನಲ್ಲಿ ಪದವಿ ಪಡೆಯಲು, ಇಂಗ್ಲೆಂಡಿನ ಅಧಿಕೃತ ಚರ್ಚಿನ ಮತವನ್ನು ಒಪ್ಪಿದೆನೆಂದು ಸಹಿ ಹಾಕಬೇಕಾಗಿತ್ತು. ಅನ್ಯಮತದವರಿಗೆ ಪದವಿಯ ಬಾಗಿಲು ಮುಚ್ಚಿತ್ತು. ಅವರಿಗಾಗಿ ಲಂಡನ್ನಿನಲ್ಲಿ ಒಂದು ಕಾಲೇಜು ಹುಟ್ಟಿತು; ಅದಕ್ಕೆ ಎದುರಾಗಿ ಚರ್ಚಿನವರು ಇನ್ನೊಂದನ್ನು ಸ್ಥಾಪಿಸಿದರು. ಇಬ್ಬರ ಜಗಳವನ್ನು ಬಗೆಹರಿಸಲು ಸರ್ಕಾರ 1836ರಲ್ಲಿ ಲಂಡನ್ ವಿಶ್ವವಿದ್ಯಾಲಯವೆಂಬ ಮೂರನೆಯ ಸಂಸ್ಥೆಯನ್ನು ನಿರ್ಮಿಸಿತು. ಕಾಲೇಜುಗಳು ಪಾಠ ಹೇಳಬೇಕು, ವಿಶ್ವವಿದ್ಯಾಲಯವು ಪರೀಕ್ಷೆ ನಡೆಸಿ ಪದವಿ ಕೊಡಬೇಕು ಎಂದು ಗೊತ್ತಾಯಿತು. ಪಾಠ ಹೇಳದ ವಿಶ್ವವಿದ್ಯಾಲಯ ಹೀಗೆ ಹುಟ್ಟಿತು. ಅದೊಂದು ರಾಜಿ, ಆ ಊರಿನ ಆ ಕಾಲದ ಜಗಳಕ್ಕೆ ಕಂಡುಕೊಂಡ ಉಪಾಯ.

1857

1854ರಲ್ಲಿ ಸರ್ ಚಾರ್ಲ್ಸ್ ವುಡ್ಡರ ಶಿಕ್ಷಣ ನಿರೂಪವು ಭಾರತದಲ್ಲಿ ವಿಶ್ವವಿದ್ಯಾಲಯಗಳನ್ನು ತೆರೆಯಲು ಸೂಚಿಸಿದಾಗ ಎದುರಿಗೆ ಎರಡು ಮಾದರಿಗಳಿದ್ದವು. ಬರ್ಲಿನ್ನಿಗೆ ನಾಲ್ಕು ದಶಕಗಳ ಕೀರ್ತಿಯಿತ್ತು. ಲಂಡನ್ನಿನ ಮಾದರಿ ಅಗ್ಗವಾಗಿತ್ತು. ಆಳುವವರು ಲಂಡನ್ನನ್ನೇ ಆರಿಸಿದರು. 1857ರಲ್ಲಿ, ಉತ್ತರ ಭಾರತವೆಲ್ಲ ದಂಗೆಯ ಬೆಂಕಿಯಲ್ಲಿ ಬೇಯುತ್ತಿದ್ದ ವರ್ಷದಲ್ಲಿಯೇ, ಕಲಕತ್ತೆ, ಬೊಂಬಾಯಿ, ಮದರಾಸುಗಳ ವಿಶ್ವವಿದ್ಯಾಲಯಗಳು ಕಾಯಿದೆಯ ಮೂಲಕ ಅಸ್ತಿತ್ವಕ್ಕೆ ಬಂದವು. ಅವುಗಳಲ್ಲಿ ಪಾಠ ಹೇಳುವ ಅಧ್ಯಾಪಕರಿರಲಿಲ್ಲ. ಸೆನೆಟ್ಟು ಇತ್ತು, ಕುಲಸಚಿವರ ಕಚೇರಿಯಿತ್ತು, ಪರೀಕ್ಷಕರ ಪಟ್ಟಿಯಿತ್ತು. ಧಾರವಾಡ, ಬೆಳಗಾವಿ ಪ್ರಾಂತದ ಹುಡುಗ ಬೊಂಬಾಯಿಯ ಪರೀಕ್ಷೆಗೆ ಕೂಡುತ್ತಿದ್ದನು. ಮೈಸೂರಿನ ಮಹಾರಾಜಾ ಕಾಲೇಜಿನ ಹುಡುಗನಿಗೆ ಮದರಾಸಿನ ಪದವಿಯೇ ಗತಿಯಾಗಿತ್ತು. ತನಗೆ ಪದವಿ ಕೊಡುವ ವಿಶ್ವವಿದ್ಯಾಲಯವನ್ನು ಅವನು ಪ್ರಶ್ನಪತ್ರಿಕೆಯ ರೂಪದಲ್ಲಿ ಮಾತ್ರ ಕಾಣುತ್ತಿದ್ದನು.

ನಮ್ಮ ಇಂದಿನ ಸಂಕಟಗಳ ಬೇರು ಇಲ್ಲಿದೆಯೆಂಬುದು ನಮ್ಮ ಅಭಿಪ್ರಾಯ. ನಮಗೆ ದೊರೆತುದು ಕೂಟವಲ್ಲ, ಪರೀಕ್ಷಾ ಕಚೇರಿ. ಲಂಡನ್ನಿನವರು ಕಾಲಕ್ರಮದಲ್ಲಿ ತಮ್ಮ ಪದ್ಧತಿಯನ್ನು ತಿದ್ದಿಕೊಂಡು 1900ರ ಹೊತ್ತಿಗೆ ಬೋಧನೆಯನ್ನೂ ವಿಶ್ವವಿದ್ಯಾಲಯದ ಕೆಲಸವಾಗಿ ಮಾಡಿಕೊಂಡರು. ನಾವು ಮಾತ್ರ ಅವರು ಕಳಚಿಟ್ಟ ಅಂಗಿಯನ್ನು ಇಂದಿಗೂ ತೊಟ್ಟಿದ್ದೇವೆ.

ಹಾಗೆಂದು ಪರೀಕ್ಷೆಯನ್ನು ಬರಿದೇ ಹಳಿಯುವುದು ಕೃತಘ್ನತೆಯಾದೀತು. ಪರೀಕ್ಷೆಗೆ ಕುಲವಿಲ್ಲ. ಉತ್ತರಪತ್ರಿಕೆಯ ಮೇಲೆ ಸಂಖ್ಯೆಯಿರುತ್ತದೆ, ಗೋತ್ರವಿರುವುದಿಲ್ಲ. ಘಟಿಕಾಸ್ಥಾನದ ಬಾಗಿಲಲ್ಲಿ ನಿಲ್ಲಲೂ ಆಗದಿದ್ದವರ ಮೊಮ್ಮಕ್ಕಳು ಈ ಸಂಖ್ಯೆಯ ಬಲದಿಂದಲೇ ವಕೀಲರಾದರು, ವೈದ್ಯರಾದರು. 1883ರಲ್ಲಿ ಕಾದಂಬಿನಿ ಗಂಗೂಲಿ ಮತ್ತು ಚಂದ್ರಮುಖಿ ಬಸು ಕಲಕತ್ತೆಯ ಪದವಿ ಪಡೆದರು. ಹೆಣ್ಣುಮಕ್ಕಳಿಗೆ ಆಕ್ಸ್‌ಫರ್ಡು ಪದವಿ ಕೊಟ್ಟುದು 1920ರಲ್ಲಿ. ನಮ್ಮ ಸಮಾಜದ ಹಿರಿಯರು ಈ ಅವಕಾಶವನ್ನು ಬೇಗನೆ ಅರಿತರು. ಅದೇ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ಬಡ ಮಕ್ಕಳ ಓದಿಗೆ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಅಧ್ಯಾಪಕರು ಸೇರಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸಂಸ್ಥೆಯನ್ನು ಕಟ್ಟಿದರು. ಮಠಗಳು ಪ್ರಸಾದನಿಲಯಗಳನ್ನು ತೆರೆದು ಅನ್ನ ಹಾಕಿದವು. ಜೋಳಿಗೆಯ ಜೋಳ ಉಂಡು ಪರೀಕ್ಷೆ ಗೆದ್ದವರ ಮಕ್ಕಳು ಈ ಪತ್ರಿಕೆಯನ್ನು ಓದುತ್ತಿದ್ದಾರೆ. ಆದ್ದರಿಂದ ನಮ್ಮ ದೂರು ಪರೀಕ್ಷೆಯ ಮೇಲಲ್ಲ. ಪರೀಕ್ಷೆಯೊಂದೇ ಸಾಕೆಂಬ ತೃಪ್ತಿಯ ಮೇಲೆ.

ತಿದ್ದಲು ಹೊರಟವರು

ಈ ತೃಪ್ತಿಯನ್ನು ಒಪ್ಪದ ಮಹನೀಯರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಕಲಕತ್ತೆಯಲ್ಲಿ 1906ರಿಂದ ಕುಲಪತಿಗಳಾಗಿದ್ದ ಅಶುತೋಷ ಮುಖರ್ಜಿಯವರು ಪರೀಕ್ಷಾ ಕಚೇರಿಯ ಒಳಗೆ ಒಂದು ನಿಜವಾದ ವಿಶ್ವವಿದ್ಯಾಲಯವನ್ನು ಬೆಳೆಸಿದರು. ಸ್ನಾತಕೋತ್ತರ ವಿಭಾಗಗಳನ್ನು ತೆರೆದರು, ವಿಜ್ಞಾನ ಕಾಲೇಜನ್ನು ಕಟ್ಟಿದರು, ಸರ್ಕಾರಿ ಲೆಕ್ಕಪತ್ರ ಇಲಾಖೆಯ ನೌಕರಿಯಲ್ಲಿದ್ದ ಚಂದ್ರಶೇಖರ ವೆಂಕಟರಾಮನ್ ಎಂಬ ತರುಣನನ್ನು ಕರೆತಂದು ಪ್ರಾಧ್ಯಾಪಕನನ್ನಾಗಿ ಮಾಡಿದರು. ಮೈಸೂರಿನಿಂದ ರಾಧಾಕೃಷ್ಣನ್ನರನ್ನು ಕರೆಸಿಕೊಂಡವರೂ ಅವರೇ. ಒಬ್ಬ ಕುಲಪತಿ ತನ್ನ ಅಧಿಕಾರವನ್ನು ಮನುಷ್ಯರನ್ನು ಹುಡುಕಲು ಬಳಸಿದರೆ ಏನಾಗುವುದೆಂಬುದಕ್ಕೆ ಇದು ಸಾಕ್ಷಿ.

ನಮ್ಮ ನಾಡಿನಲ್ಲಿ 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರಾದ ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ, ಮೈಸೂರು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದರು. ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯವದು. ಮೈಸೂರಿನ ಮಹಾರಾಜಾ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು, ಇವೆರಡೇ ಅದರ ಮೊದಲ ಬಂಡವಾಳ. ದೊಡ್ಡ ದಾರ್ಶನಿಕರಾದ ಬ್ರಜೇಂದ್ರನಾಥ ಸೀಲರು 1921ರಿಂದ ಅದರ ಕುಲಪತಿಗಳಾಗಿದ್ದರು. ಅಲ್ಲಿ 1929ರಲ್ಲಿ ಕನ್ನಡ ಎಂ.ಎ. ಪದವಿ ಪಡೆದ ಕುವೆಂಪು ಅವರೇ 1956ರಲ್ಲಿ ಕುಲಪತಿಗಳಾಗಿ ಮಾನಸಗಂಗೋತ್ರಿಯ ಕನಸು ಕಂಡರು. ಇತ್ತ ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು 1949ರ ಕಾಯಿದೆಯಿಂದ ಹುಟ್ಟಿತು. 1954ರಿಂದ 1967ರವರೆಗೆ ಅದನ್ನು ಬೆಳೆಸಿದ ಡಿ. ಸಿ. ಪಾವಟೆಯವರು ಕೇಂಬ್ರಿಜ್ಜಿನಲ್ಲಿ ಗಣಿತ ಓದಿ ಬಂದವರು. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಅವರು ಕಟ್ಟಿಸಿದ ಕಟ್ಟಡಗಳನ್ನು ಎಲ್ಲರೂ ಹೊಗಳುತ್ತಾರೆ. ಅದಕ್ಕಿಂತ ಮಿಗಿಲಾದುದು, ಬಯಲುಸೀಮೆಯ ಹಳ್ಳಿಯ ಹುಡುಗನಿಗೆ ಸಂಶೋಧನೆಯೆಂಬುದು ತನಗೂ ಸಲ್ಲುವ ಕೆಲಸವೆಂಬ ಧೈರ್ಯ ಆ ಗುಡ್ಡದ ಮೇಲೆ ದೊರೆಯಿತು.

ಆ ಧೈರ್ಯದ ಒಂದು ಸಣ್ಣ ಪಾಲು ನಮಗೂ ಬಂದಿದೆ. ಅದನ್ನು ಹೇಳದೆ ಮುಂದುವರಿಯಲಾರೆವು.

ನಾವು ಮೊದಲು ಓದಿದುದು ಸಂಸ್ಕೃತ ಪಾಠಶಾಲೆಯಲ್ಲಿ. ತರ್ಕಸಂಗ್ರಹದ ಪಾಠ ಹೇಳುತ್ತಿದ್ದ ನಮ್ಮ ಶಾಸ್ತ್ರಿಗಳು ಒಂದು ಪಕ್ಷವನ್ನು ಸಾಧಿಸಿ ತೋರಿಸಿ, "ನಾಳೆ ಇದನ್ನು ನೀವು ಖಂಡಿಸಬೇಕು, ತಿಳಿಯಿತೇ?" ಎನ್ನುತ್ತಿದ್ದರು. ಖಂಡಿಸಲು ಬಾರದೆ ತಲೆ ತಗ್ಗಿಸಿದವರ ಮೇಲೆ ಅವರಿಗೆ ಸಿಟ್ಟು ಬರುತ್ತಿತ್ತು; ಚೆನ್ನಾಗಿ ಖಂಡಿಸಿದವನಿಗೆ ತಮ್ಮ ಪಾಲಿನ ಬೆಲ್ಲವನ್ನು ಕೊಡುತ್ತಿದ್ದರು. ಆ ಮೇಲೆ ಲಿಂಗೈಕ್ಯ ಗುರುಗಳ ಅಪ್ಪಣೆಯಂತೆ ವಿಶ್ವವಿದ್ಯಾಲಯವನ್ನು ಸೇರಿದೆವು. ಅಲ್ಲಿ ಒಬ್ಬ ಅಧ್ಯಾಪಕರು ಹಳದಿ ಬಣ್ಣಕ್ಕೆ ತಿರುಗಿದ ಟಿಪ್ಪಣಿಗಳನ್ನು ಎರಡು ವರ್ಷ ಕಾಲ ಬರೆಸಿದರು. ಪರೀಕ್ಷೆಯಲ್ಲಿ ಅದನ್ನೇ ಬರೆದೆವು. ಒಳ್ಳೆಯ ಅಂಕಗಳು ಬಂದವು. ಈಗ ಅದರಲ್ಲಿ ಒಂದು ಸಾಲೂ ನೆನಪಿಲ್ಲ.

ಇನ್ನೊಬ್ಬ ಅಧ್ಯಾಪಕರಿದ್ದರು. ಒಂದು ಮಧ್ಯಾಹ್ನ ತರಗತಿಯಲ್ಲಿ ಶಾಸನದ ಶಬ್ದವೊಂದರ ಅರ್ಥವನ್ನು ನಾವು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ತಿಳಿಯದು. ನಡೆಯಿರಿ, ನೋಡೋಣ" ಎಂದು ತರಗತಿಯನ್ನೇ ಗ್ರಂಥಾಲಯಕ್ಕೆ ನಡೆಸಿಕೊಂಡು ಹೋದರು. ದೀಪ ಹಚ್ಚುವ ಹೊತ್ತಿನವರೆಗೂ ಎಂಟು ಜನ ಸಂಪುಟಗಳನ್ನು ಹರಡಿಕೊಂಡು ಕುಳಿತೆವು. ಅಂದು ಅರ್ಥ ಸಿಕ್ಕಲಿಲ್ಲ. ನಾಲ್ಕು ದಿನಗಳ ಮೇಲೆ ನಮ್ಮಲ್ಲಿ ಅತ್ಯಂತ ಮಂದನೆಂದು ಹೆಸರಾಗಿದ್ದ ಗೆಳೆಯನೊಬ್ಬನು ಅದನ್ನು ತನ್ನ ಅಜ್ಜಿಯ ಮಾತಿನಲ್ಲಿ ಕಂಡುಹಿಡಿದು ತಂದನು. ಅಧ್ಯಾಪಕರು ಅವನ ಹೆಸರನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಹಂಬೋಲ್ಟನ ಹೆಸರನ್ನು ನಾವು ಆಗ ಕೇಳಿರಲಿಲ್ಲ. ಅನೇಕ ವರ್ಷಗಳ ತರುವಾಯ ಅವನ ವಿಚಾರಗಳನ್ನು ಓದಿದಾಗ ಆ ಮಧ್ಯಾಹ್ನವೇ ಕಣ್ಣಮುಂದೆ ಬಂತು. ಎರಡು ವರ್ಷಗಳಲ್ಲಿ ನಾವು ವಿಶ್ವವಿದ್ಯಾಲಯದಲ್ಲಿ ಇದ್ದುದು ಅಂಥ ಕೆಲವೇ ದಿನಗಳು. ಉಳಿದ ದಿನಗಳಲ್ಲಿ ಪರೀಕ್ಷಾ ಕಚೇರಿಯ ಅಂಗಳದಲ್ಲಿದ್ದೆವು.

ಇಂದಿನ ಸಂಕಟಗಳು

ಈ ಹಿನ್ನೆಲೆಯಲ್ಲಿ ಇಂದಿನ ಸ್ಥಿತಿಯನ್ನು ನೋಡೋಣ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021-22ರಲ್ಲಿ ದೇಶದಲ್ಲಿ 1,168 ವಿಶ್ವವಿದ್ಯಾಲಯಗಳೂ 45,473 ಕಾಲೇಜುಗಳೂ ಇದ್ದವು. ಓದುತ್ತಿದ್ದವರು ಸುಮಾರು 4.33 ಕೋಟಿ. ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಆ ಸಾವಿರಾರು ಕಾಲೇಜುಗಳಲ್ಲಿ ಹೆಚ್ಚಿನವು ಇಂದಿಗೂ 1857ರ ರೀತಿಯಲ್ಲಿಯೇ ಯಾವುದಾದರೊಂದು ವಿಶ್ವವಿದ್ಯಾಲಯಕ್ಕೆ ಸಂಲಗ್ನವಾಗಿವೆ. ಪಠ್ಯವನ್ನು ಒಬ್ಬರು ಗೊತ್ತುಮಾಡುತ್ತಾರೆ, ಪಾಠವನ್ನು ಇನ್ನೊಬ್ಬರು ಹೇಳುತ್ತಾರೆ, ಉತ್ತರವನ್ನು ಮತ್ತೊಬ್ಬರು ಅಳೆಯುತ್ತಾರೆ. 1948-49ರ ರಾಧಾಕೃಷ್ಣನ್ ಆಯೋಗವು ಸುಧಾರಣೆಯನ್ನು ಪರೀಕ್ಷೆಯಿಂದಲೇ ಆರಂಭಿಸಬೇಕೆಂದು ಒತ್ತಿ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಂಲಗ್ನತೆಯ ಪದ್ಧತಿಯನ್ನೇ ಹದಿನೈದು ವರ್ಷಗಳಲ್ಲಿ ಕೊನೆಗಾಣಿಸಬೇಕೆಂದಿತು. ರೋಗ ಯಾವುದೆಂದು ಪ್ರತಿ ತಲೆಮಾರಿಗೂ ತಿಳಿದಿತ್ತು. ಔಷಧವನ್ನು ಕುಡಿಯಲು ಯಾರೂ ಮುಂದಾಗಲಿಲ್ಲ.

ಎರಡನೆಯದು, ಅಧ್ಯಾಪಕರ ಅಭಾವ. ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ. ವರ್ಷ ವರ್ಷವೂ ಬಂದು ಪಾಠ ಹೇಳುವವನನ್ನು ಅತಿಥಿಯೆಂದು ಕರೆಯುವ ವಿಚಿತ್ರ ಇಲ್ಲಿ ಮಾತ್ರ ಕಾಣಸಿಗುತ್ತದೆ. ಮುಂದಿನ ವರ್ಷ ಎಲ್ಲಿರುವೆನೆಂದು ತಿಳಿಯದವನು ಯಾವ ಪ್ರಶ್ನೆಯನ್ನು ಹಿಡಿದು ಹತ್ತು ವರ್ಷ ಕುಳಿತಾನು? ಇತ್ತೀಚಿನ ವರ್ಷಗಳಲ್ಲಿ ಜಿಲ್ಲೆಗೊಂದು ವಿಶ್ವವಿದ್ಯಾಲಯವೆಂಬ ಉತ್ಸಾಹದಲ್ಲಿ ರಾಜ್ಯ ಸರ್ಕಾರವು ಬೀದರ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಚಾಮರಾಜನಗರ, ಕೊಡಗು ಮುಂತಾದ ಕಡೆಗಳಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ತೆರೆಯಿತು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ಅವುಗಳಲ್ಲಿ ಒಂಬತ್ತನ್ನು ಮುಚ್ಚಬಹುದೆಂದು ಅಭಿಪ್ರಾಯಪಟ್ಟಿತು. ತೆರೆದವರಿಗೂ ಮುಚ್ಚಲು ಹೊರಟವರಿಗೂ ವಿಶ್ವವಿದ್ಯಾಲಯವೆಂದರೆ ಫಲಕವುಳ್ಳ ಒಂದು ಕಚೇರಿಯೇ ಆಗಿತ್ತೆಂದು ತೋರುತ್ತದೆ. ಕೂಟವೊಂದು ನಿಜವಾಗಿ ಕೂಡಿದ್ದರೆ ಅದನ್ನು ತೆರೆಯುವುದೂ ಮುಚ್ಚುವುದೂ ಇಷ್ಟು ಸುಲಭವಾಗುತ್ತಿರಲಿಲ್ಲ.

ಮೂರನೆಯದು, ಸಂಶೋಧನೆಯೇ ಪರೀಕ್ಷೆಯಾದುದು. 2010ರ ನಿಯಮಾವಳಿಗಳಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಅಧ್ಯಾಪಕರ ಬಡ್ತಿಗೆ ಅಂಕಗಳ ಲೆಕ್ಕವನ್ನು ತಂದಿತು. ಲೇಖನಕ್ಕಿಷ್ಟು, ಪುಸ್ತಕಕ್ಕಿಷ್ಟು, ವಿಚಾರಸಂಕಿರಣಕ್ಕಿಷ್ಟು ಅಂಕಗಳು. ಮಳೆಗಾಲದ ಅಣಬೆಗಳಂತೆ ನಿಯತಕಾಲಿಕಗಳು ಎದ್ದವು. ಹಣ ಕೊಟ್ಟರೆ ವಾರದಲ್ಲಿ ಲೇಖನ ಅಚ್ಚಾಗುವ ಏರ್ಪಾಡಾಯಿತು. ವಿದ್ಯಾರ್ಥಿಯನ್ನು ಅಂಕಗಳಿಂದ ಅಳೆದ ಅಧ್ಯಾಪಕನನ್ನೂ ಅಂಕಗಳಿಂದಲೇ ಅಳೆದರು. ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿವೆ. ಪ್ರಬಂಧವನ್ನು ಕ್ಷಣದಲ್ಲಿ ಬರೆದು ಕೊಡುತ್ತವೆ. ಎಲ್ಲರೂ ಬೆಚ್ಚಿಬಿದ್ದಿದ್ದಾರೆ. ಬರೆಸಿದ ಟಿಪ್ಪಣಿಯನ್ನು ಮರಳಿ ಬರೆಯುವುದೇ ವಿದ್ಯೆಯಾಗಿದ್ದರೆ ಆ ವಿದ್ಯೆ ಯಂತ್ರಕ್ಕೂ ಬರುವುದರಲ್ಲಿ ಆಶ್ಚರ್ಯವೇನಿದೆ? ನಮ್ಮ ಗೆಳೆಯನ ಅಜ್ಜಿಯ ಮಾತನ್ನು ಕೇಳಿ ಬರಲು ಮಾತ್ರ ಯಾರಾದರೂ ಊರಿಗೆ ಹೋಗಲೇಬೇಕಾಗುತ್ತದೆ.

ನಾಲ್ಕನೆಯದು ಹಣ. ಇಲ್ಲಿ ಬೇರೆಯವರ ಕಡೆಗೆ ಬೆರಳು ಮಾಡುವ ಅಧಿಕಾರ ನಮಗಿಲ್ಲ. ವಂತಿಗೆಯ ಪಿಡುಗನ್ನು ತಡೆಯಲು 1984ರಲ್ಲಿ ಕಾಯಿದೆ ಮಾಡಬೇಕಾಗಿ ಬಂದ ರಾಜ್ಯ ನಮ್ಮದು. ಮೋಹಿನಿ ಜೈನ್ ಮೊಕದ್ದಮೆಯಲ್ಲಿ 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಂತಿಗೆಯನ್ನು ಖಂಡಿಸಿದುದು ಕರ್ನಾಟಕದ ಪ್ರಕರಣದಲ್ಲಿಯೇ. ಖಾಸಗಿ ಸಂಸ್ಥೆಗಳ ಶುಲ್ಕದ ಹಕ್ಕುಬಾಧ್ಯತೆಗಳನ್ನು 2002ರಲ್ಲಿ ವಿವೇಚಿಸಿದ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯೂ ಇಲ್ಲಿಂದಲೇ ಹೋದುದು. ಜೋಳಿಗೆ ಹಿಡಿದು ಬಡ ಹುಡುಗನಿಗೆ ಅನ್ನ ಹಾಕಿದ ಪರಂಪರೆಯವರು ಅದೇ ಹುಡುಗನ ಮಗನಿಗೆ ಸೀಟಿನ ಬೆಲೆ ಹೇಳುವಂತಾದುದು ಹೇಗೆ? ನಮ್ಮ ಆಡಳಿತದ ಒಂದು ಕಾಲೇಜಿನಲ್ಲಿ ಮೂರು ವರ್ಷ ಕಾಲ ಐದು ಅಧ್ಯಾಪಕ ಹುದ್ದೆಗಳು ಖಾಲಿಯಿದ್ದವು. ಅದೇ ಅವಧಿಯಲ್ಲಿ ಸಭಾಭವನ ಮತ್ತು ಕಮಾನಿನ ಲೆಕ್ಕಕ್ಕೆ ನಾವೇ ಸಹಿ ಹಾಕಿದೆವು. ಕಮಾನು ಭವ್ಯವಾಗಿದೆ. ಅದನ್ನು ದಾಟಿ ಒಳಹೋಗುವ ಮಕ್ಕಳಿಗೆ ಆ ಮೂರು ವರ್ಷ ಗಣಿತದ ಪಾಠವಾಗಲಿಲ್ಲ. ಇದನ್ನು ಬರೆಯುವಾಗ ನಮ್ಮ ಕೈ ನಾಚುತ್ತದೆ.

ಕೊನೆಯ ಪ್ರಶ್ನೆ

ಈ ನಾಲ್ಕನ್ನೂ ಹಣದಿಂದ, ಕಾಯಿದೆಯಿಂದ, ಪ್ರಾಮಾಣಿಕತೆಯಿಂದ ಸರಿಪಡಿಸಬಹುದೆಂದು ಇಟ್ಟುಕೊಳ್ಳೋಣ. ಐದನೆಯದೊಂದು ಉಳಿಯುತ್ತದೆ, ಅದು ಸ್ವಾತಂತ್ರ್ಯ. ಹಂಬೋಲ್ಟನ ಬರ್ಲಿನ್ನೇ ಇದಕ್ಕೆ ಎಚ್ಚರಿಕೆ. 1933ರ ಏಪ್ರಿಲ್ಲಿನ ಕಾನೂನಿನಿಂದ ಯಹೂದಿ ಅಧ್ಯಾಪಕರನ್ನು ಹೊರಗೆ ಹಾಕಿದಾಗ ಉಳಿದವರು ಬಹುಮಟ್ಟಿಗೆ ಸುಮ್ಮನಿದ್ದರು. ಮೇ 10ರ ರಾತ್ರಿ ಆ ವಿಶ್ವವಿದ್ಯಾಲಯದ ಎದುರಿನ ಚೌಕದಲ್ಲಿ ವಿದ್ಯಾರ್ಥಿಗಳೇ ಪುಸ್ತಕಗಳನ್ನು ಸುಟ್ಟರು. ನೂರಿಪ್ಪತ್ತು ವರ್ಷಗಳಲ್ಲಿ ಕಟ್ಟಿದ ಕೂಟ ಕೆಲವೇ ವಾರಗಳಲ್ಲಿ ಚದರಿತು. ಕುಲಪತಿಗಳನ್ನು ರಾಜ್ಯಪಾಲರು ನೇಮಿಸಬೇಕೋ ಮುಖ್ಯಮಂತ್ರಿಗಳು ನೇಮಿಸಬೇಕೋ ಎಂದು ಇಂದು ಅನೇಕ ರಾಜ್ಯಗಳಲ್ಲಿ ವಾದ ನಡೆದಿದೆ. ಅಧ್ಯಾಪಕರನ್ನು ಕೇಳಬೇಕೆಂಬ ಮಾತು ಎರಡು ಕಡೆಯಲ್ಲಿಯೂ ಇಲ್ಲ.

ಸ್ವಾತಂತ್ರ್ಯವನ್ನು ಕಸಿಯುವುದು ಸರ್ಕಾರವೊಂದೇ ಅಲ್ಲ. ಧಾರವಾಡದ ಆ ಗುಡ್ಡದ ಮೇಲೆ ಪಾಠ ಹೇಳಿದ ಡಾ. ಎಂ. ಎಂ. ಕಲಬುರ್ಗಿಯವರು 1989ರಲ್ಲಿ ತಮ್ಮ 'ಮಾರ್ಗ' ಸಂಪುಟದ ಕೆಲವು ಬರಹಗಳಿಗಾಗಿ ನಮ್ಮದೇ ಸಮಾಜದ ಒತ್ತಡಕ್ಕೆ ಸಿಲುಕಿ ಮಾತನ್ನು ಹಿಂದಕ್ಕೆ ಪಡೆಯಬೇಕಾಯಿತು. 2015ರ ಆಗಸ್ಟ್ 30ರಂದು ತಮ್ಮ ಮನೆಯ ಬಾಗಿಲಲ್ಲಿ ಗುಂಡೇಟಿಗೆ ಬಲಿಯಾದರು. ಎರಡನೆಯದನ್ನು ನಾವೆಲ್ಲರೂ ಖಂಡಿಸಿದೆವು. ಮೊದಲನೆಯದರ ವಿಷಯದಲ್ಲಿ ನಮ್ಮ ಪೀಠಗಳು ಆತ್ಮವಿಮರ್ಶೆ ಮಾಡಿಕೊಂಡುದು ಕಡಿಮೆ. ಅವರ ನಿರ್ಣಯಗಳು ಸರಿಯೋ ತಪ್ಪೋ ಎಂಬುದು ಬೇರೆ ವಿಷಯ. ತಪ್ಪಾಗಿದ್ದರೆ ಖಂಡಿಸಲು ಆಧಾರಗಳಿದ್ದವು, ಪತ್ರಿಕೆಗಳಿದ್ದವು, ವಿದ್ವಾಂಸರಿದ್ದರು. ನಮ್ಮ ಶಾಸ್ತ್ರಿಗಳು ಹುಡುಗರಿಂದ ಅಪೇಕ್ಷಿಸುತ್ತಿದ್ದುದನ್ನು ಸಮಾಜದ ಹಿರಿಯರು ಮಾಡಲಿಲ್ಲ.

ಆದ್ದರಿಂದ ಇಪ್ಪತ್ತೈದು ಎಕರೆ ಕೊಡಲು ಮುಂದಾದ ಸದ್ಭಕ್ತರಿಗೂ ಚಪ್ಪಾಳೆ ತಟ್ಟಿದ ತಮಗೂ ನಮ್ಮ ಪ್ರಶ್ನೆ ಇದು. ಶ್ರೀಮಠದ ವಿಶ್ವವಿದ್ಯಾಲಯದಲ್ಲಿ ಒಬ್ಬ ಅಧ್ಯಾಪಕನು ಶ್ರೀಮಠದ ಕಾಗದಪತ್ರಗಳನ್ನೇ ಓದಿ, ನಾವು ನಂಬಿಕೊಂಡು ಬಂದ ಕಥೆಯೊಂದು ನಿಲ್ಲಲಾರದೆಂದು ಬರೆದರೆ ಮಾರನೆಯ ದಿನವೂ ಅವನು ತರಗತಿಗೆ ಬರಬಲ್ಲನೇ? ಅವನ ಬೆನ್ನಿಗೆ ನಾವು ನಿಲ್ಲುವೆವೇ? ನೀವು ನಿಲ್ಲುವಿರಾ? ಇದಕ್ಕೆ ಹೌದೆಂದು ಹೇಳುವ ಧೈರ್ಯ ಬರುವವರೆಗೆ ನಾವು ಕಟ್ಟುವುದು ಇನ್ನೊಂದು ಪರೀಕ್ಷಾ ಕಚೇರಿಯಾದೀತು, ಅಷ್ಟೆ. ಅಂಥವು ನಾಡಿನಲ್ಲಿ ಬೇಕಾದಷ್ಟಿವೆ.

ಹಾಗಾದರೆ ಕೈಕಟ್ಟಿ ಕುಳಿತುಕೊಳ್ಳಬೇಕೆಂದಲ್ಲ. ನಮ್ಮ ಸಂಕಲ್ಪ ಹೀಗಿದೆ. ಮೊದಲು ನಮ್ಮ ಕಾಲೇಜುಗಳ ಖಾಲಿ ಹುದ್ದೆಗಳು ತುಂಬಲಿ. ಪಾಠ ಹೇಳುವವರಿಗೆ ತಿಂಗಳು ತಿಂಗಳೂ ಪೂರ್ಣ ವೇತನ ಸಲ್ಲಲಿ. ಶ್ರೀಮಠದ ತಾಡವೋಲೆ ಮತ್ತು ಕಡತಗಳನ್ನು ಪಟ್ಟಿ ಮಾಡಿ, ಕುಲಮತಗಳನ್ನು ಕೇಳದೆ, ಓದಬಯಸುವ ಯಾರಿಗಾದರೂ ತೆರೆದಿಡೋಣ. ನಾಗಾವಿಯ ದಾನಿಗಳಂತೆ ಒಬ್ಬ ಗ್ರಂಥಪಾಲಕನ ಜೀವನಕ್ಕೆ ದತ್ತಿಯಿಡೋಣ. ವರ್ಷಕ್ಕೆ ಐದು ಮಂದಿ ಸಂಶೋಧಕರಿಗೆ ವಸತಿ, ಪ್ರಸಾದ, ವಿದ್ಯಾರ್ಥಿವೇತನ ಕೊಡೋಣ. ಅವರು ಏನನ್ನು ಕಂಡುಕೊಂಡರೂ ಅಚ್ಚುಮಾಡುವ ಮಾತು ಕೊಡೋಣ. ಹತ್ತು ವರ್ಷ ಈ ಮಾತಿಗೆ ತಪ್ಪದೆ ನಡೆದೆವಾದರೆ ಆ ಹೊಲದಲ್ಲಿ ಏನು ಕಟ್ಟಬೇಕೆಂದು ಆಗ ಯೋಚಿಸಬಹುದು. ಅಲ್ಲಿಯವರೆಗೆ ಹೊಲದಲ್ಲಿ ಜೋಳ ಬೆಳೆಯಲಿ, ಪ್ರಸಾದನಿಲಯಕ್ಕೆ ಬೇಕಾಗುತ್ತದೆ.

ಹಳೆಯ ವಿದ್ಯಾರ್ಥಿಗಳಲ್ಲಿ ಅಧ್ಯಾಪಕರಾಗಿರುವವರು, ನಿವೃತ್ತರಾದವರು ಅನೇಕರಿದ್ದೀರಿ. ನಮ್ಮ ಈ ವಿಚಾರದಲ್ಲಿ ದೋಷವಿದ್ದರೆ ಖಂಡಿಸಿ ಬರೆಯಿರಿ. ಖಂಡನೆಗಳನ್ನೇ ಮೊದಲು ಪ್ರಕಟಿಸಬೇಕೆಂದು ಸಂಪಾದಕರಿಗೆ ತಿಳಿಸಿದ್ದೇವೆ.